ಗೀಸರ್ ಸ್ಫೋಟದ ಫಾರ್ವರ್ಡ್: ಎಷ್ಟು ನಿಜ, ಹೇಳದೆ ಬಿಟ್ಟಿದ್ದೇನು?

ಚಳಿ ಶುರುವಾಯಿತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಮತ್ತೆ ಓಡಾಡುತ್ತದೆ. ಒಡೆದುಹೋದ ಗೀಸರ್, ಕುಸಿದ ಬಚ್ಚಲುಮನೆ ಗೋಡೆಯ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ ಎಚ್ಚರಿಕೆ: ಗೀಸರ್ ಆನ್ ಇಟ್ಟುಕೊಂಡು ಸ್ನಾನ ಮಾಡಬೇಡಿ, ಸ್ಫೋಟವಾಗುತ್ತದೆ, ನಿಮ್ಮವರಿಗೆಲ್ಲ ತಿಳಿಸಿ.

ಈ ಸಂದೇಶ ಪೂರ್ತಿ ಸುಳ್ಳು ಎಂದು ನಾವು ಹೇಳುವುದಿಲ್ಲ. ಗೀಸರ್ ಒಡೆಯಬಹುದು. ಗೀಸರಿನಿಂದ ಶಾಕ್ ಹೊಡೆದು ಜೀವ ಹೋಗಬಹುದು. ಸ್ನಾನಕ್ಕೆ ಮೊದಲು ಸ್ವಿಚ್ ಆಫ್ ಮಾಡುವುದು ಒಳ್ಳೆಯ ಅಭ್ಯಾಸವೇ. ಆದರೆ ಸಂದೇಶ ಕಾರಣವನ್ನು ತಪ್ಪಾಗಿ ಹೇಳುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಕು, ಇನ್ನು ಭಯವಿಲ್ಲ ಎಂಬ ನೆಮ್ಮದಿಯನ್ನೂ ಕೊಡುತ್ತದೆ. ನಿಜವಾದ ಅಪಾಯ ಸ್ವಿಚ್ಚಿನಲ್ಲಿಲ್ಲ. ಗೋಡೆಗೆ ಹಾಕಿಸಿದ ದಿನದಿಂದ ಯಾರೂ ಬಿಚ್ಚಿ ನೋಡದ ಮೂರ್ನಾಲ್ಕು ಸಣ್ಣ ಭಾಗಗಳಲ್ಲಿದೆ. ಅವು ಯಾವುವು, ಹೇಗೆ ಕೆಡುತ್ತವೆ, ನೀವೇನು ಮಾಡಬಹುದು ಎಂದು ಒಂದೊಂದಾಗಿ ನೋಡೋಣ.

ಡಬ್ಬದ ಒಳಗೇನಿದೆ?

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು 15 ಅಥವಾ 25 ಲೀಟರ್ ನೀರು ಹಿಡಿಯುವ ಸ್ಟೋರೇಜ್ ಗೀಸರ್. ಒಳಗೊಂದು ಟ್ಯಾಂಕು, ಅದರ ಸುತ್ತ ಶಾಖ ಹೊರಹೋಗದಂತೆ ತಡೆಯುವ ಫೋಮ್, ನೀರಿನಲ್ಲಿ ಮುಳುಗಿರುವ ಹೀಟಿಂಗ್ ಕಾಯಿಲ್. ತಣ್ಣೀರು ಕೆಳಗಿನಿಂದ ಒಳಗೆ ಬರುತ್ತದೆ, ಬಿಸಿನೀರು ಟ್ಯಾಂಕಿನ ಮೇಲ್ಭಾಗದಿಂದ ಹೊರಗೆ ಹೋಗುತ್ತದೆ. ಕಾಯಿಲಿನ ಶಕ್ತಿ ಹೆಚ್ಚಾಗಿ 2 ಕಿಲೋವ್ಯಾಟ್. 25 ಡಿಗ್ರಿಯ 15 ಲೀಟರ್ ನೀರನ್ನು 60 ಡಿಗ್ರಿಗೆ ಕಾಯಿಸಲು ಸುಮಾರು 0.6 ಯೂನಿಟ್ ವಿದ್ಯುತ್ ಬೇಕು. ಅಂದರೆ ಇಪ್ಪತ್ತು ನಿಮಿಷದೊಳಗಿನ ಕೆಲಸ.

ಈ ಡಬ್ಬವನ್ನು ಕಾಯುವ ಕಾವಲುಗಾರರು ಮೂವರು. ಮೊದಲನೆಯದು ಥರ್ಮೋಸ್ಟಾಟ್. ನೀರು ನಿಗದಿತ ಬಿಸಿ ಮುಟ್ಟಿದ ಕೂಡಲೇ ಇದು ಕಾಯಿಲಿಗೆ ಹೋಗುವ ಕರೆಂಟ್ ನಿಲ್ಲಿಸುತ್ತದೆ. ಎರಡನೆಯದು ಥರ್ಮಲ್ ಕಟೌಟ್. ಥರ್ಮೋಸ್ಟಾಟ್ ಕೈಕೊಟ್ಟು ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವುದು ಇದರ ಕೆಲಸ. ಮೂರನೆಯದು ತಣ್ಣೀರು ಬರುವ ಪೈಪಿನ ಬಳಿ ಇರುವ ಸೇಫ್ಟಿ ವಾಲ್ವ್. ಒಳಗೆ ಒತ್ತಡ ಹೆಚ್ಚಾದರೆ ಇದು ತೆರೆದುಕೊಂಡು ನೀರನ್ನು ಹೊರಕ್ಕೆ ಬಿಡುತ್ತದೆ. ಪ್ರೆಶರ್ ಕುಕ್ಕರಿನ ವೆಯ್ಟು ಮತ್ತು ಸೇಫ್ಟಿ ವಾಲ್ವು ಮಾಡುವ ಕೆಲಸವೇ ಇದು. 17ನೇ ಶತಮಾನದಲ್ಲಿ ಫ್ರಾನ್ಸಿನ ಡೆನಿ ಪಾಪಿನ್ ಇವತ್ತಿನ ಕುಕ್ಕರಿನ ಮೂಲರೂಪದ ಪಾತ್ರೆಯನ್ನು ಮಾಡಿದಾಗಲೇ ಅದಕ್ಕೊಂದು ಸೇಫ್ಟಿ ವಾಲ್ವ್ ಜೋಡಿಸಿದ್ದ. ಮುಚ್ಚಿದ ಪಾತ್ರೆಯಲ್ಲಿ ನೀರು ಕಾಯಿಸುವವರಿಗೆ ಈ ಅಪಾಯ ಮೂರು ಶತಮಾನಗಳಿಂದ ಗೊತ್ತಿದೆ.

ಹಾಗಾದರೆ ಒಡೆಯುವುದು ಯಾವಾಗ?

ಈ ಮೂವರೂ ಒಟ್ಟಿಗೆ ಕೈಕೊಟ್ಟಾಗ. ಥರ್ಮೋಸ್ಟಾಟ್ ಅಂಟಿಕೊಂಡು ಕರೆಂಟ್ ನಿಲ್ಲುವುದಿಲ್ಲ, ಕಟೌಟ್ ಕೆಲಸ ಮಾಡುವುದಿಲ್ಲ ಅಥವಾ ಯಾರೋ ರಿಪೇರಿಯ ಹೆಸರಿನಲ್ಲಿ ಅದನ್ನು ತಪ್ಪಿಸಿ ನೇರವಾಗಿ ವೈರ್ ಕೊಟ್ಟಿರುತ್ತಾರೆ, ವಾಲ್ವ್ ಉಪ್ಪು ಕಟ್ಟಿ ಬಿಗಿದುಕೊಂಡಿರುತ್ತದೆ. ಆಗ ನೀರು ಕಾಯುತ್ತಲೇ ಹೋಗುತ್ತದೆ. ಬಯಲಿನಲ್ಲಾದರೆ ನೀರು ಸುಮಾರು 100 ಡಿಗ್ರಿಗೆ ಕುದಿದು ಆವಿಯಾಗಿ ಹೋಗುತ್ತದೆ. ಮುಚ್ಚಿದ ಟ್ಯಾಂಕಿನಲ್ಲಿ ಒತ್ತಡ ಇರುವುದರಿಂದ 100 ಡಿಗ್ರಿ ದಾಟಿದರೂ ನೀರು ನೀರಾಗಿಯೇ ಇರುತ್ತದೆ. ಟ್ಯಾಂಕು ಎಲ್ಲಾದರೂ ಬಿರುಕು ಬಿಟ್ಟ ಕ್ಷಣ ಒತ್ತಡ ಒಮ್ಮೆಲೇ ಇಳಿದು, ಆ ನೀರಿನ ಒಂದು ಭಾಗ ತಟ್ಟನೆ ಆವಿಯಾಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,600 ಲೀಟರಿನಷ್ಟು ಜಾಗ ಬೇಡುತ್ತದೆ. ಫಾರ್ವರ್ಡಿನ ಚಿತ್ರದಲ್ಲಿ ಗೋಡೆಯನ್ನು ಕೆಡವುವುದು ಈ ಬಲ.

ಇಲ್ಲೊಂದು ವಿಷಯ ಗಮನಿಸಿ. ನೀವು ಸ್ನಾನ ಮಾಡುತ್ತಿರುವಾಗ ಬಿಸಿನೀರಿನ ನಲ್ಲಿ ತೆರೆದಿರುತ್ತದೆ. ಬಿಸಿನೀರು ಹೊರಗೆ ಹೋಗುತ್ತಿರುತ್ತದೆ, ತಣ್ಣೀರು ಒಳಗೆ ಬರುತ್ತಿರುತ್ತದೆ. ಟ್ಯಾಂಕಿನ ಒತ್ತಡ ಏರುವುದಕ್ಕೆ ಅವಕಾಶ ಕಡಿಮೆ. ಒತ್ತಡ ಏರುವುದು ಎಲ್ಲ ನಲ್ಲಿಗಳೂ ಮುಚ್ಚಿದ್ದು, ಸ್ವಿಚ್ ಮಾತ್ರ ಗಂಟೆಗಟ್ಟಲೆ ಆನ್ ಆಗಿರುವಾಗ. ಅಂದರೆ ಸ್ಫೋಟದ ಮಟ್ಟಿಗೆ ಹೇಳುವುದಾದರೆ, ಹೆಚ್ಚು ಭಯಪಡಬೇಕಾದದ್ದು ಬೆಳಿಗ್ಗೆ ಆನ್ ಮಾಡಿ ಮರೆತು ಆಫೀಸಿಗೆ ಹೋದ ಗೀಸರಿಗೆ.

ವಾಲ್ವಿನಿಂದ ನೀರು ತೊಟ್ಟಿಕ್ಕಿದರೆ ಗೀಸರ್ ಒಡೆಯುವ ಸೂಚನೆಯೇ?

ಅಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅದು ವಾಲ್ವ್ ಕೆಲಸ ಮಾಡುತ್ತಿದೆ ಎಂಬ ಸೂಚನೆ. ನೀರು ಬಿಸಿಯಾದಾಗ ಹಿಗ್ಗುತ್ತದೆ. 25 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಸುಮಾರು ನೂರಕ್ಕೆ ಒಂದೂವರೆ ಪಾಲು ಹಿಗ್ಗುತ್ತದೆ. 15 ಲೀಟರಿನ ಟ್ಯಾಂಕಿನಲ್ಲಿ ಇದು ಸುಮಾರು ಒಂದು ಲೋಟ ನೀರು. ಹಳೆಯ ಮನೆಗಳಲ್ಲಿ ಈ ಹೆಚ್ಚುವರಿ ನೀರು ಪೈಪಿನಲ್ಲಿ ಹಿಂದಕ್ಕೆ ಸರಿದು ತಾರಸಿಯ ಟ್ಯಾಂಕಿನ ಕಡೆಗೆ ಹೋಗುತ್ತಿತ್ತು. ಈಗಿನ ವಾಲ್ವುಗಳು ಬಿಸಿನೀರನ್ನು ಹಿಂದಕ್ಕೆ ಹೋಗಲು ಬಿಡುವುದಿಲ್ಲ. ಹಾಗಾಗಿ ಆ ಹೆಚ್ಚುವರಿ ನೀರು ವಾಲ್ವಿನ ಸಣ್ಣ ತೂತಿನಿಂದ ತೊಟ್ಟಿಕ್ಕುತ್ತದೆ.

ನೀರು ಕಾಯುವಾಗ ಮಾತ್ರ ತೊಟ್ಟಿಕ್ಕಿ, ತಣ್ಣಗಾದ ಮೇಲೆ ನಿಂತರೆ ಚಿಂತೆ ಬೇಡ. ಗೀಸರ್ ಆಫ್ ಆಗಿದ್ದಾಗಲೂ ದಿನವಿಡೀ ಸೋರುತ್ತಿದ್ದರೆ ವಾಲ್ವ್ ಕೆಟ್ಟಿರಬಹುದು, ಇಲ್ಲವೇ ಪ್ರೆಶರ್ ಪಂಪಿನಿಂದ ಬರುವ ಒತ್ತಡ ಜಾಸ್ತಿ ಇರಬಹುದು. ಎರಡಕ್ಕೂ ಮೆಕ್ಯಾನಿಕ್ ಬರಬೇಕು.

ಮಾಡಲೇಬಾರದ ಕೆಲಸ ಒಂದಿದೆ. ನೆಲ ಒದ್ದೆಯಾಗುತ್ತದೆ, ನೀರು ವ್ಯರ್ಥವಾಗುತ್ತದೆ ಎಂದು ಆ ತೂತಿಗೆ ಕ್ಯಾಪ್ ಹಾಕಿ ಮುಚ್ಚಿಸುವುದು ಅಥವಾ ಎಂ-ಸೀಲ್ ಮೆತ್ತುವುದು. ಹಾಗೆ ಮಾಡಿದರೆ ಮೂವರು ಕಾವಲುಗಾರರಲ್ಲಿ ಒಬ್ಬನ ಕೈಯನ್ನು ನಾವೇ ಕಟ್ಟಿಹಾಕಿದ ಹಾಗೆ. ತೊಟ್ಟಿಕ್ಕುವ ನೀರಿಗೆ ಒಂದು ಸಣ್ಣ ಪೈಪ್ ಸಿಕ್ಕಿಸಿ ಬಚ್ಚಲಿಗೆ ಬಿಟ್ಟರಾಯಿತು. ಆ ಪೈಪಿನ ತುದಿ ಮಾತ್ರ ಯಾವಾಗಲೂ ತೆರೆದಿರಬೇಕು.

ಹೆಚ್ಚು ಭಯಪಡಬೇಕಾದದ್ದು ಶಾಕಿಗೆ

ಸ್ಫೋಟಕ್ಕೆ ಮೂರು ಭಾಗಗಳು ಒಟ್ಟಿಗೆ ಕೆಡಬೇಕು. ಶಾಕಿಗೆ ಅಷ್ಟೆಲ್ಲ ಬೇಕಿಲ್ಲ. ಕಾಯಿಲ್ ಎಂದರೆ ಲೋಹದ ಕೊಳವೆಯೊಳಗೆ ಕೂಡಿಸಿದ ತಂತಿ. ಕೊಳವೆ ಬಿರುಕು ಬಿಟ್ಟರೆ ಕರೆಂಟ್ ನೀರಿಗೂ ಟ್ಯಾಂಕಿಗೂ ಇಳಿಯುತ್ತದೆ. ಒದ್ದೆ ಮೈ, ಬರಿಗಾಲು, ಕೈಯಲ್ಲಿ ಲೋಹದ ನಲ್ಲಿ: ಕರೆಂಟ್ ಹರಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಇಲ್ಲಿ ಜೀವ ಉಳಿಸುವವು ಎರಡು. ಒಂದು ಅರ್ಥಿಂಗ್. ಪ್ಲಗ್ಗಿನ ಮೂರು ಕಡ್ಡಿಗಳಲ್ಲಿ ದಪ್ಪಗೆ, ಉದ್ದವಾಗಿ ಇರುವುದು ಅರ್ಥ್ ಪಿನ್. ಸೋರಿದ ಕರೆಂಟು ನಿಮ್ಮ ಮೈಯ ಮೂಲಕ ಹೋಗುವ ಬದಲು ಇದರ ಮೂಲಕ ಭೂಮಿಗೆ ಹೋಗುತ್ತದೆ. ಆದರೆ ಸಾಕೆಟ್ಟಿನಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ಹಳೆಯ ಮನೆಗಳಲ್ಲಿ ಮೂರನೇ ತೂತಿನ ಹಿಂದೆ ವೈರೇ ಇಲ್ಲದಿರುವುದುಂಟು. ವೈರ್ ಇದ್ದರೂ ಅಂಗಳದಲ್ಲಿ ಹೂತ ಅರ್ಥ್ ಪೈಪ್ ತುಕ್ಕು ಹಿಡಿದು ಹೋಗಿರುವುದುಂಟು. ಎಲೆಕ್ಟ್ರಿಷಿಯನ್ ಪರೀಕ್ಷಿಸಿ ಹೇಳಿದರಷ್ಟೇ ಇದು ಗೊತ್ತಾಗುತ್ತದೆ.

ಎರಡನೆಯದು ಆರ್‌ಸಿಸಿಬಿ. ಹಲವರು ಇದನ್ನು ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಮನೆಗಳಿಗೆ ಹಾಕುವಂಥದ್ದರ ಮೇಲೆ 30 ಮಿಲಿಆಂಪಿಯರ್ ಎಂದು ಬರೆದಿರುತ್ತದೆ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ಅಷ್ಟು ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇದು ಲೈನ್ ಕಡಿಯುತ್ತದೆ.

‘ನಮ್ಮ ಮನೆಯಲ್ಲಿ ಎಂಸಿಬಿ ಇದೆಯಲ್ಲ, ಅದು ಬೀಳುವುದಿಲ್ಲವೇ’ ಎಂದು ಕೇಳುವವರಿದ್ದಾರೆ. ಗೀಸರಿನ ಎಂಸಿಬಿ ಸಾಮಾನ್ಯವಾಗಿ 16 ಅಥವಾ 20 ಆಂಪಿಯರಿನದು. 20 ಆಂಪಿಯರ್ ಎಂದರೆ 20,000 ಮಿಲಿಆಂಪಿಯರ್. ಮನುಷ್ಯನ ಹೃದಯದ ಲಯ ತಪ್ಪಿಸಲು 100 ಮಿಲಿಆಂಪಿಯರ್ ಸಾಕು. ಎಂಸಿಬಿ ಕಾಯುವುದು ವೈರನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ.

ಆರ್‌ಸಿಸಿಬಿಯ ಮೇಲೆ ‘ಟಿ’ ಎಂದು ಬರೆದ ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿ. ತಕ್ಷಣ ಬಿದ್ದರೆ ಸರಿ. ಬೀಳದಿದ್ದರೆ ಅದನ್ನು ಬದಲಿಸಬೇಕು. ಈ ಗುಂಡಿ ಆರ್‌ಸಿಸಿಬಿಯನ್ನು ಮಾತ್ರ ಪರೀಕ್ಷಿಸುತ್ತದೆ, ಅರ್ಥಿಂಗನ್ನಲ್ಲ ಎಂಬುದು ನೆನಪಿರಲಿ.

ಸ್ನಾನಕ್ಕೆ ಮೊದಲು ಸ್ವಿಚ್ ಆಫ್ ಮಾಡಿ ಎಂಬ ಸಲಹೆ ಸರಿಯಾಗುವುದು ಇಲ್ಲಿ. ಕರೆಂಟೇ ಇಲ್ಲದಿದ್ದರೆ ಶಾಕೂ ಇಲ್ಲ. ಆದರೆ ಇದಕ್ಕೂ ಒಂದು ಷರತ್ತಿದೆ. ಸಾದಾ ಸ್ವಿಚ್ ಒಂದು ವೈರನ್ನು ಮಾತ್ರ ಕಡಿಯುತ್ತದೆ. ವೈರಿಂಗ್ ಮಾಡಿದವರು ಫೇಸ್ ಮತ್ತು ನ್ಯೂಟ್ರಲ್ ಅದಲುಬದಲು ಮಾಡಿದ್ದರೆ ಸ್ವಿಚ್ ಆಫ್ ಆದರೂ ಗೀಸರಿಗೆ ಫೇಸ್ ಬರುತ್ತಲೇ ಇರುತ್ತದೆ. ಗೀಸರಿಗೆ ಎರಡೂ ವೈರುಗಳನ್ನು ಕಡಿಯುವ ಡಿ.ಪಿ. ಸ್ವಿಚ್ ಇರಬೇಕು ಎನ್ನುವುದು ಇದಕ್ಕೇ.

ಇನ್ನು ಪ್ಲಗ್ಗಿನ ಮಾತು. 2 ಕಿಲೋವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಸುಮಾರು 13 ಆಂಪಿಯರ್. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರಿನ ಸಾಕೆಟ್ ಇದನ್ನು ತಡೆಯುವುದಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸುವುದಂತೂ ಬೇಡವೇ ಬೇಡ. ಪ್ಲಗ್ ಕಂದುಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಬಂದರೆ, ಅದು ಬಿಡಿಯಾದ ಪ್ಲಗ್ ಬಿಸಿಯಾಗುತ್ತಿರುವ ಗುರುತು.

ಬೋರ್ ನೀರು ಗೀಸರಿಗೆ ಏನು ಮಾಡುತ್ತದೆ?

ಸೋಪು ನೊರೆ ಬರುವುದಿಲ್ಲ, ನಲ್ಲಿಯ ಸುತ್ತ ಬಿಳಿ ಕಲೆ, ಬಕೆಟ್ಟಿನ ಒಳಗೆ ಬಿಳಿ ಪದರ. ಇವು ಗಡಸು ನೀರಿನ ಗುರುತುಗಳು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದಂಥ ಬಯಲುಸೀಮೆಯ ಊರುಗಳಲ್ಲಿ, ಬೆಂಗಳೂರಿನಲ್ಲಿ ಕಾವೇರಿ ನೀರು ಬಾರದ ಬಡಾವಣೆಗಳಲ್ಲಿ ಬೋರ್‌ವೆಲ್ ನೀರು ಬಳಸುವವರಿಗೆ ಇದು ಹೊಸತಲ್ಲ. ಬಚ್ಚಲ ಒಲೆಯ ಹಂಡೆಯ ಒಳಗೆ ಕಟ್ಟುತ್ತಿದ್ದ ಸುಣ್ಣದಂಥ ಪದರವೂ ಇದೇ.

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಇದಕ್ಕೆ ಕಾರಣ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹೇಳುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು ಎನ್ನುತ್ತದೆ. ಸಕ್ಕರೆ, ಉಪ್ಪು ಬಿಸಿನೀರಿನಲ್ಲಿ ಹೆಚ್ಚು ಕರಗುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟಿನ ಸ್ವಭಾವ ಇದಕ್ಕೆ ತಿರುಗುಮುರುಗು: ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುತ್ತದೆ. ಹಾಗಾಗಿ ಟ್ಯಾಂಕಿನಲ್ಲಿ ಎಲ್ಲಿ ಅತಿ ಬಿಸಿ ಇದೆಯೋ ಅಲ್ಲಿ, ಅಂದರೆ ಕಾಯಿಲಿನ ಮೈಮೇಲೆ, ಅದು ಕಲ್ಲಾಗಿ ಕೂರುತ್ತದೆ.

‘ಕಾಯಿಲಿಗೆ ಕಲ್ಲು ಕಟ್ಟಿದರೆ ಕರೆಂಟ್ ಬಿಲ್ ದುಪ್ಪಟ್ಟಾಗುತ್ತದೆ’ ಎಂಬ ಮಾತೂ ಫಾರ್ವರ್ಡುಗಳಲ್ಲಿ ಇರುತ್ತದೆ. ಇದು ಉತ್ಪ್ರೇಕ್ಷೆ. ಕಾಯಿಲ್ ಪೂರ್ತಿ ನೀರಿನೊಳಗೇ ಇದೆ. ಕಲ್ಲು ಕಟ್ಟಿದ್ದರೂ ಅದರ ಶಾಖ ಕೊನೆಗೆ ಹೋಗಬೇಕಾದದ್ದು ನೀರಿಗೇ, ಬೇರೆ ದಾರಿ ಇಲ್ಲ. ನಿಜವಾದ ನಷ್ಟ ಬೇರೆಯದು. ಕಲ್ಲಿನ ಪದರ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ. ಹಾಗಾಗಿ ಕಾಯಿಲ್ ಒಳಗೊಳಗೇ ಇರಬೇಕಾದ್ದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಕೊಳವೆ ಬಿರುಕು ಬಿಡುತ್ತದೆ. ಆಮೇಲಿನದ್ದು ಮೇಲೆ ಹೇಳಿದ ಶಾಕಿನ ಕಥೆ. ಉದುರಿದ ಕಲ್ಲಿನ ಪುಡಿ ಟ್ಯಾಂಕಿನ ತಳ ತುಂಬುತ್ತದೆ, ನೀರು ಹಿಡಿಯುವ ಜಾಗ ಕಡಿಮೆಯಾಗುತ್ತದೆ. ಅದೇ ಲವಣ ಸೇಫ್ಟಿ ವಾಲ್ವಿನ ಸ್ಪ್ರಿಂಗಿನಲ್ಲೂ ಕೂತು ಅದನ್ನು ಬಿಗಿಯುತ್ತದೆ. ಅಂದರೆ ಗಡಸು ನೀರು ಸ್ಫೋಟದ ಕಾವಲುಗಾರನನ್ನೂ ಶಾಕಿನಿಂದ ಕಾಯುವ ಕೊಳವೆಯನ್ನೂ ಒಟ್ಟಿಗೆ ಕೆಡಿಸುತ್ತದೆ.

ಗೀಸರ್ ಕಾಯುವಾಗ ಒಳಗಿನಿಂದ ಚಟಪಟ ಸದ್ದು, ಗುಳುಗುಳು ಸದ್ದು ಬರುತ್ತಿದ್ದರೆ, ಮೊದಲು ಎರಡು ಬಕೆಟ್ ಕೊಡುತ್ತಿದ್ದ ಗೀಸರ್ ಈಗ ಒಂದೂವರೆಗೇ ತಣ್ಣಗಾದರೆ, ಒಳಗೆ ಕಲ್ಲು ಕಟ್ಟಿರುವ ಸಾಧ್ಯತೆ ಹೆಚ್ಚು.

ಇದಕ್ಕೆ ಕೆಲವರು ಟಾಯ್ಲೆಟ್ ತೊಳೆಯುವ ಆಸಿಡ್ ಸುರಿಯುವ ಉಪಾಯ ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಆ ಆಸಿಡ್ ಕಲ್ಲಿನ ಜೊತೆ ಲೋಹವನ್ನೂ ತಿನ್ನುತ್ತದೆ, ಅದರ ಹಬೆ ಮುಚ್ಚಿದ ಬಚ್ಚಲುಮನೆಯಲ್ಲಿ ಶ್ವಾಸಕೋಶಕ್ಕೆ ಅಪಾಯ. ತಿಳಿದ ಮೆಕ್ಯಾನಿಕ್ ಕಾಯಿಲನ್ನು ಹೊರತೆಗೆದು ಸಿಟ್ರಿಕ್ ಆಸಿಡಿನಂಥ ಸೌಮ್ಯ ದ್ರಾವಣದಲ್ಲಿ ನೆನೆಸಿ ತೊಳೆಯುತ್ತಾರೆ, ಟ್ಯಾಂಕಿನ ತಳ ಖಾಲಿ ಮಾಡುತ್ತಾರೆ. ಪೈಪಿಗೆ ಮ್ಯಾಗ್ನೆಟ್ ಕಟ್ಟಿದರೆ ಗಡಸು ನೀರು ಮೆದುವಾಗುತ್ತದೆ ಎಂಬ ಜಾಹೀರಾತುಗಳನ್ನು ನಂಬಿ ಹಣ ಹಾಕುವಷ್ಟು ಗಟ್ಟಿ ಪುರಾವೆ ಇಲ್ಲ.

ತಾನು ಕರಗಿ ಟ್ಯಾಂಕನ್ನು ಉಳಿಸುವ ಕಡ್ಡಿ

ಹೆಚ್ಚಿನವರಿಗೆ ಹೆಸರೇ ಗೊತ್ತಿಲ್ಲದ ಒಂದು ಭಾಗ ಗೀಸರಿನಲ್ಲಿದೆ: ಆನೋಡ್ ರಾಡ್. ಇದು ಮೆಗ್ನೀಸಿಯಂ ಲೋಹದ ಒಂದು ಕಡ್ಡಿ. ಕಬ್ಬಿಣಕ್ಕಿಂತ ಮೆಗ್ನೀಸಿಯಂ ಬೇಗ ಕರಗುವ ಸ್ವಭಾವದ್ದು. ಎರಡೂ ಒಂದೇ ನೀರಿನಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಮೆಗ್ನೀಸಿಯಂ ಕರಗುತ್ತದೆ, ಟ್ಯಾಂಕಿನ ಉಕ್ಕು ಉಳಿಯುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ 1824ರಲ್ಲಿ ಹಡಗುಗಳ ತಳದ ತಾಮ್ರದ ತಗಡನ್ನು ಸಮುದ್ರದ ನೀರಿನಿಂದ ಕಾಪಾಡಲು ಇದೇ ತತ್ವವನ್ನು ಬಳಸಿ ತೋರಿಸಿದ. ಅದೇ ಉಪಾಯ ಇವತ್ತು ನಿಮ್ಮ ಬಚ್ಚಲುಮನೆಯ ಗೋಡೆಯ ಮೇಲಿದೆ.

ಕಡ್ಡಿಯ ಕೆಲಸವೇ ಕರಗುವುದು. ಅದು ಪೂರ್ತಿ ಕರಗಿದ ದಿನದಿಂದ ಟ್ಯಾಂಕು ತುಕ್ಕು ಹಿಡಿಯಲು ಶುರುವಾಗುತ್ತದೆ. ನೀರಿನ ಗುಣ ನೋಡಿಕೊಂಡು ಒಂದೆರಡು ವರ್ಷದಲ್ಲೇ ಮುಗಿಯಬಹುದು, ಇನ್ನೂ ಹೆಚ್ಚು ಕಾಲ ಬರಬಹುದು. ಹಾಗಾಗಿ ವರ್ಷಕ್ಕೊಮ್ಮೆ ತೆಗೆದು ನೋಡಬೇಕು. ಸವೆದು ತೆಳ್ಳಗಾಗಿದ್ದರೆ ಬದಲಿಸಬೇಕು. ಟ್ಯಾಂಕು ತೂತಾದರೆ ಗೀಸರನ್ನೇ ಎಸೆಯಬೇಕಾಗುತ್ತದೆ. ಕಡ್ಡಿಯ ಖರ್ಚು ಅದರ ಮುಂದೆ ಏನೂ ಅಲ್ಲ. ಬಿಸಿನೀರು ಕೆಂಪಗೆ ಬಂದರೆ ತುಕ್ಕು ಶುರುವಾಗಿದೆ ಎಂದುಕೊಳ್ಳಿ. ಬಿಸಿನೀರಿಗೆ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಇದ್ದರೆ, ಆನೋಡ್ ಇರುವ ಟ್ಯಾಂಕಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆದಿರಬಹುದು. ಅದಕ್ಕೆ ಟ್ಯಾಂಕನ್ನು ಖಾಲಿ ಮಾಡಿ ತೊಳೆಸಬೇಕು.

ಎಷ್ಟು ಡಿಗ್ರಿ? ಎಷ್ಟು ಹೊತ್ತು?

‘ಗೀಸರನ್ನು ದಿನವಿಡೀ ಆನ್ ಇಟ್ಟರೆ ಕರೆಂಟ್ ಉಳಿಯುತ್ತದೆ, ಪದೇಪದೇ ಕಾಯಿಸಿದರೆ ಖರ್ಚು’ ಎಂಬ ಮಾತು ತಪ್ಪು. ಬಿಸಿಯಾಗಿರುವ ಟ್ಯಾಂಕು ಎಷ್ಟೇ ಫೋಮ್ ಇದ್ದರೂ ಸುತ್ತಲಿನ ಗಾಳಿಗೆ ಶಾಖ ಬಿಟ್ಟುಕೊಡುತ್ತಲೇ ಇರುತ್ತದೆ. ಹೆಚ್ಚು ಹೊತ್ತು ಬಿಸಿ ಇದ್ದಷ್ಟೂ ಹೆಚ್ಚು ನಷ್ಟ. ಐದು ಸ್ಟಾರಿನ ಗೀಸರಿನಲ್ಲಿ ಈ ನಷ್ಟ ಕಡಿಮೆ, ಆದರೆ ಸೊನ್ನೆಯಲ್ಲ. ಬೇಕಾದಾಗ ಅರ್ಧ ಗಂಟೆ ಮೊದಲು ಹಾಕಿ, ಆಮೇಲೆ ಆಫ್ ಮಾಡಿದರೆ ಸಾಕು.

ಬಿಸಿಯ ಮಟ್ಟಕ್ಕೆ ಎರಡು ಕಡೆಯ ಲೆಕ್ಕ ಇದೆ. 60 ಡಿಗ್ರಿಯ ನೀರು ಚರ್ಮಕ್ಕೆ ಬಿದ್ದರೆ ದೊಡ್ಡವರಿಗೂ ಸುಮಾರು ಐದು ಸೆಕೆಂಡಿನಲ್ಲಿ ಆಳವಾದ ಸುಟ್ಟಗಾಯವಾಗಬಹುದು. ಮಕ್ಕಳ, ಮುದುಕರ ಚರ್ಮಕ್ಕೆ ಅಷ್ಟೂ ಬೇಕಿಲ್ಲ. ಹಾಗೆಂದು 40 ಡಿಗ್ರಿಗೆ ಇಳಿಸಿ ದಿನಗಟ್ಟಲೆ ಬಿಡುವುದೂ ಸರಿಯಲ್ಲ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಚ್ಚಗಿನ ನಿಂತ ನೀರಿನಲ್ಲಿ ಬೆಳೆಯುತ್ತದೆ. ಷವರಿನ ಹನಿಗಳ ಮೂಲಕ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ತರಬಲ್ಲದು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದವರಲ್ಲಿ ಹಬ್ಬಿದಾಗ ಈ ಕಾಯಿಲೆ ಮೊದಲು ಗುರುತಿಗೆ ಬಂತು. 60 ಡಿಗ್ರಿಯಲ್ಲಿ ಆ ಬ್ಯಾಕ್ಟೀರಿಯಾ ಸಾಯುತ್ತದೆ. ಆದ್ದರಿಂದ ಥರ್ಮೋಸ್ಟಾಟನ್ನು 60ರ ಹತ್ತಿರ ಇಡಿ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬಿಟ್ಟು, ಕೈಯಲ್ಲಿ ನೋಡಿ ಮಕ್ಕಳಿಗೆ ಹೊಯ್ಯಿರಿ.

ಊರಿಗೆ ಹೋಗಿ ವಾರ ಕಳೆದು ಬಂದಾಗ, ಅಥವಾ ನೀರು ನಿಂತು ಮತ್ತೆ ಬಂದಾಗ, ಮೊದಲು ಬಿಸಿನೀರಿನ ನಲ್ಲಿ ತೆರೆಯಿರಿ. ನೀರು ಧಾರೆಯಾಗಿ ಬಂದ ಮೇಲೆ ಗೀಸರ್ ಹಾಕಿ. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಕಾದರೆ ಸುಟ್ಟುಹೋಗುತ್ತದೆ.

ಗ್ಯಾಸ್ ಗೀಸರ್: ಸದ್ದಿಲ್ಲದ, ವಾಸನೆಯಿಲ್ಲದ ಅಪಾಯ

ಕರೆಂಟ್ ಗೀಸರಿನ ಸ್ಫೋಟದ ಬಗ್ಗೆ ಇಷ್ಟು ಫಾರ್ವರ್ಡ್ ಬರುತ್ತವೆ. ಆದರೆ ಪ್ರತಿ ಚಳಿಗಾಲ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಬರುವ ಬಚ್ಚಲುಮನೆ ಸಾವುಗಳ ಸುದ್ದಿಯಲ್ಲಿ ಹಲವು ಗ್ಯಾಸ್ ಗೀಸರಿಗೆ ಸಂಬಂಧಿಸಿದವು. ಗ್ಯಾಸ್ ಉರಿಯಲು ಆಮ್ಲಜನಕ ಬೇಕು. ಕಿಟಕಿ ಮುಚ್ಚಿದ ಸಣ್ಣ ಬಚ್ಚಲುಮನೆಯಲ್ಲಿ ಅದು ಬೇಗ ಕಡಿಮೆಯಾಗುತ್ತದೆ. ಆಗ ಗ್ಯಾಸ್ ಅರ್ಧಂಬರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದು ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಉಸಿರಾಡುತ್ತಿದ್ದರೂ ಮೈಗೆ ಆಮ್ಲಜನಕ ಸಿಗುವುದಿಲ್ಲ.

ಸಿಲಿಂಡರಿನ ಗ್ಯಾಸ್ ಸೋರಿದರೆ ಗೊತ್ತಾಗಲೆಂದು ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಎಚ್ಚರ ತಪ್ಪುವುದು. ಬಿಪಿ ಕಡಿಮೆಯಾಯಿತು, ಹೊಟ್ಟೆ ಖಾಲಿ ಇತ್ತು ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುವ ಲಕ್ಷಣಗಳೇ ಇವು. ಸ್ನಾನಕ್ಕೆ ಹೋದವರಿಗೆ ಹೀಗೆ ಒಮ್ಮೆ ಆದರೂ ಗೀಸರಿನ ಮೇಲೆ ಅನುಮಾನ ಬರಲೇಬೇಕು.

ಗ್ಯಾಸ್ ಗೀಸರ್ ಮತ್ತು ಸಿಲಿಂಡರ್ ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಜಾಗದಲ್ಲಿರಬೇಕು. ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಬೇಕು. ಒಳಗೇ ಇದ್ದರೆ, ಹೊರಗೆ ಹಾಕಿಸುವವರೆಗೂ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿ ಹೋಗಿಬರಲು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗಿ. ವರ್ಷಕ್ಕೊಮ್ಮೆ ಬರ್ನರ್ ತೊಳೆಸಿ. ಉರಿ ನೀಲಿಯಾಗಿರಬೇಕು. ಹಳದಿಯಾಗಿದ್ದರೆ ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ.

ಒಳಗೆ ಹೋದವರು ಕರೆದರೆ ಓಗೊಡದಿದ್ದರೆ ಬಾಗಿಲು ತೆರೆದು, ಗ್ಯಾಸ್ ಬಂದ್ ಮಾಡಿ, ಅವರನ್ನು ಬಯಲಿಗೆ ತಂದು 108ಕ್ಕೆ ಕರೆ ಮಾಡಿ. ಕರೆಂಟ್ ಗೀಸರ್ ಇರುವ ಮನೆಯಲ್ಲಾದರೆ ಮುಟ್ಟುವುದಕ್ಕೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಕಾಪಾಡಲು ಹೋದವರೂ ಶಾಕಿಗೆ ಸಿಕ್ಕಬಾರದು.

ವರ್ಷಕ್ಕೊಂದು ದಿನ

ಮಳೆಗಾಲ ಮುಗಿದು ಚಳಿ ಹತ್ತುವ ಮೊದಲು, ದಸರಾ ದೀಪಾವಳಿಯ ಮನೆ ಸ್ವಚ್ಛತೆಯ ಜೊತೆಗೇ ಗೀಸರಿಗೂ ಒಂದು ದಿನ ಇಡಿ. ಬೋರ್ ನೀರಿನ ಮನೆಯಲ್ಲಿ ಆರು ತಿಂಗಳಿಗೊಮ್ಮೆ ಮಾಡಿಸಿದರೆ ಒಳ್ಳೆಯದು.

ನೀವೇ ನೋಡಬಹುದಾದದ್ದು:

1. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ‘ಟಿ’ ಗುಂಡಿ.
2. ಪ್ಲಗ್, ಸಾಕೆಟ್, ವೈರಿನಲ್ಲಿ ಸುಟ್ಟ ಗುರುತು.
3. ವಾಲ್ವಿನ ತೂತು ತೆರೆದಿದೆಯೇ, ಯಾರಾದರೂ ಮುಚ್ಚಿದ್ದಾರೆಯೇ.
4. ನೀರಿನ ಬಣ್ಣ, ವಾಸನೆ, ಕಾಯುವಾಗಿನ ಸದ್ದು.
5. ಥರ್ಮೋಸ್ಟಾಟ್ ಎಷ್ಟಕ್ಕೆ ಇದೆ.

ಮೆಕ್ಯಾನಿಕ್ ಅಥವಾ ಎಲೆಕ್ಟ್ರಿಷಿಯನ್ನಿಂದ ಮಾಡಿಸಬೇಕಾದದ್ದು:

1. ಟ್ಯಾಂಕು ಖಾಲಿ ಮಾಡಿ ತೊಳೆಯುವುದು, ಕಾಯಿಲಿನ ಕಲ್ಲು ತೆಗೆಯುವುದು.
2. ಆನೋಡ್ ಕಡ್ಡಿ ನೋಡುವುದು, ಬೇಕಿದ್ದರೆ ಬದಲಿಸುವುದು.
3. ಸೇಫ್ಟಿ ವಾಲ್ವ್ ತೆರೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸುವುದು.
4. ಥರ್ಮೋಸ್ಟಾಟ್ ಮತ್ತು ಕಟೌಟ್ ಕರೆಂಟ್ ಕಡಿಯುತ್ತವೆಯೇ, ಯಾರಾದರೂ ಅವನ್ನು ತಪ್ಪಿಸಿ ವೈರ್ ಕೊಟ್ಟಿದ್ದಾರೆಯೇ ಎಂದು ನೋಡುವುದು.
5. ಅರ್ಥಿಂಗ್ ಮತ್ತು ಕಾಯಿಲಿನ ಸೋರಿಕೆ ಪರೀಕ್ಷೆ.

ಗೀಸರಿನ ಮುಚ್ಚಳ ಬಿಚ್ಚುವ ಕೆಲಸವನ್ನು ಯೂಟ್ಯೂಬ್ ನೋಡಿ ಮಾಡಬೇಡಿ. ಕೆಲಸ ಮುಗಿದ ಮೇಲೆ ‘ಸರ್ವಿಸ್ ಆಯ್ತು’ ಎಂಬ ಮಾತಿಗೆ ಹಣ ಕೊಟ್ಟು ಕಳಿಸಬೇಡಿ. ಹಳೆಯ ಕಡ್ಡಿ ತೋರಿಸಿ, ವಾಲ್ವಿನಿಂದ ನೀರು ಬಿಡಿಸಿ ತೋರಿಸಿ ಎಂದು ಕೇಳಿ. ಬಿಡಿಭಾಗಗಳ ಮೇಲೆ ಐಎಸ್‌ಐ ಗುರುತು ನೋಡಿ. ತಾರಸಿಯಲ್ಲಿ ಸೋಲಾರ್ ಇದ್ದವರೂ ಇದರಿಂದ ಹೊರತಲ್ಲ. ಅದರ ಟ್ಯಾಂಕು, ಕೊಳವೆಗಳಲ್ಲೂ ಕಲ್ಲು ಕಟ್ಟುತ್ತದೆ. ಮೋಡದ ದಿನಕ್ಕೆಂದು ಒಳಗೆ ಕಾಯಿಲ್ ಹಾಕಿಸಿದ್ದರೆ ಶಾಕಿನ ಮಾತೆಲ್ಲ ಅದಕ್ಕೂ ಅನ್ವಯಿಸುತ್ತದೆ.

ಬಾಡಿಗೆ ಮನೆಯ ಗೀಸರ್ ಯಾರದು?

ನಿರ್ವಹಣೆ ತಪ್ಪುವುದು ಹೆಚ್ಚಾಗಿ ಸೋಮಾರಿತನದಿಂದಲ್ಲ, ಜವಾಬ್ದಾರಿ ಯಾರದೆಂದು ಗೊತ್ತಿಲ್ಲದ್ದರಿಂದ. ಬಾಡಿಗೆ ಮನೆಗಳಲ್ಲಿ, ಪಿಜಿಗಳಲ್ಲಿ ಗೀಸರ್ ಮನೆಯ ಜೊತೆಗೇ ಬಂದಿರುತ್ತದೆ. ಬಿಸಿನೀರು ಬರುತ್ತಿದೆಯಲ್ಲ ಎಂದು ಮಾಲೀಕರು ಸುಮ್ಮನಿರುತ್ತಾರೆ. ಇನ್ನೊಂದು ವರ್ಷಕ್ಕೆ ಮನೆ ಬಿಡುತ್ತೇವಲ್ಲ ಎಂದು ಬಾಡಿಗೆಯವರು ಸುಮ್ಮನಿರುತ್ತಾರೆ. ಹೀಗೆ ಹತ್ತು ವರ್ಷ, ಐದು ಸಂಸಾರ ಕಳೆದರೂ ಆ ಡಬ್ಬವನ್ನು ಯಾರೂ ಮುಟ್ಟಿರುವುದಿಲ್ಲ. ಊರಿನಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳ ಕಥೆಯೂ ಇದೇ. ಮಕ್ಕಳು ಬೆಂಗಳೂರಿನಿಂದಲೋ ವಿದೇಶದಿಂದಲೋ ಸ್ಫೋಟದ ಫಾರ್ವರ್ಡ್ ಕಳಿಸುತ್ತಾರೆ. ಸ್ಟೂಲ್ ಹತ್ತಿ ನೋಡುವವರು ಯಾರೂ ಇರುವುದಿಲ್ಲ.

ಹೊಸ ಬಾಡಿಗೆ ಮನೆಗೆ ಹೋಗುವಾಗ ನಲ್ಲಿ, ಫ್ಯಾನ್, ಬೀಗ ನೋಡುವ ಹಾಗೆ ಆರ್‌ಸಿಸಿಬಿ ಇದೆಯೇ, ಗೀಸರಿನ ಅರ್ಥಿಂಗ್ ಸರಿಯಿದೆಯೇ ಎಂದೂ ಕೇಳಿ. ಅಪ್ಪ ಅಮ್ಮ ಇರುವ ಊರಿನಲ್ಲಿ ಒಬ್ಬ ಎಲೆಕ್ಟ್ರಿಷಿಯನ್ನಿನ ನಂಬರ್ ಹುಡುಕಿ, ಅವರಿಗೆ ನೀವೇ ಹಣ ಹಾಕಿ, ಒಂದು ಸಲ ಕಳಿಸಿ.

ಹಂಚಲೇಬೇಕೆಂದರೆ ಇದನ್ನು ಹಂಚಿ

ಹಳೆಯ ಫಾರ್ವರ್ಡ್ ಮತ್ತೆ ಬಂದಾಗ ಅದರ ಕೆಳಗೆ ಇದನ್ನು ಅಂಟಿಸಿ:

‘ಗೀಸರ್ ಆಫ್ ಮಾಡಿ ಸ್ನಾನ ಮಾಡುವುದು ಒಳ್ಳೆಯದು, ಆದರೆ ಅದೊಂದೇ ಸಾಲದು. ಮನೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ? ಅದರ ಟಿ ಗುಂಡಿ ಒತ್ತಿದರೆ ಬೀಳುತ್ತದೆಯೇ? ಗೀಸರಿಗೆ ಅರ್ಥಿಂಗ್ ಇದೆಯೇ? ಸೇಫ್ಟಿ ವಾಲ್ವಿನ ತೂತು ತೆರೆದಿದೆಯೇ? ಕಾಯಿಲ್ ಮತ್ತು ಆನೋಡ್ ಕಡ್ಡಿಯನ್ನು ಕೊನೆಯ ಸಲ ನೋಡಿದ್ದು ಯಾವಾಗ? ಗ್ಯಾಸ್ ಗೀಸರ್ ಬಚ್ಚಲುಮನೆಯ ಹೊರಗಿದೆಯೇ? ಒಂದಕ್ಕಾದರೂ ಉತ್ತರ ಗೊತ್ತಿಲ್ಲದಿದ್ದರೆ ಈ ವಾರವೇ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿ.’

ಮೊದಲು ಇದನ್ನು ನಿಮ್ಮ ಮನೆಗೇ ಕೇಳಿಕೊಳ್ಳಿ, ಆಮೇಲೆ ಗುಂಪಿಗೆ ಕಳಿಸಿ.